ಉಳಿವೆಪ್ಪ ಬಂದ್ ಮಾಡದ ಟ್ರ್ಯಾಕ್ಟರ್

ಆಡೂರಿನ ಉಳಿವೆಪ್ಪನಿಗೆ ಟ್ರ್ಯಾಕ್ಟರಿನ ಕರೆಂಟು ಹೊಡೆದು ಕಾಲಿಗಿಳಿದಿದೆ, ಅದಕ್ಕೇ ಅವನು ಊಟಕ್ಕೂ ಕೂರುವುದಿಲ್ಲ ಎಂಬ ಮಾತು ಹಾನಗಲ್ಲಿನ ಸಂತೆಯವರೆಗೂ ಹಬ್ಬಿತ್ತು. ಅದು ಸುಳ್ಳು. ಆ ಟ್ರ್ಯಾಕ್ಟರಿನ ಆರು ವೋಲ್ಟಿನ ಬ್ಯಾಟರಿಗೆ ತನ್ನ ಎಂಜಿನ್ನನ್ನೇ ನೆಟ್ಟಗೆ ತಿರುಗಿಸುವ ತ್ರಾಣವಿರಲಿಲ್ಲ. ಮನುಷ್ಯನಿಗೆ ಅದೇನು ಮಾಡೀತು? ಹ್ಯಾಂಡಲ್ ಹಾಕಿ ತಿರುಗಿಸುವ ಹಲ್ಲೂ ಸವೆದುಹೋಗಿತ್ತು. ನಿಂತ ಎಂಜಿನ್ ಮತ್ತೆ ಚಾಲೂ ಆಗುವ ಭರವಸೆಯಿಲ್ಲದ್ದರಿಂದ ಅವನು ಸಂಜೆಯವರೆಗೆ ಅದನ್ನು ನಿಲ್ಲಿಸುತ್ತಿರಲಿಲ್ಲ. ಹೆಂಡತಿ ಕರೆವ್ವ ತಂದ ರೊಟ್ಟಿಯನ್ನು ಗಡಗಡಿಸುವ ಯಂತ್ರದ ಪಕ್ಕದಲ್ಲೇ ನಿಂತು ತಿನ್ನುತ್ತಿದ್ದ.

ಟ್ರ್ಯಾಕ್ಟರ್ ಪರಮೇಶಪ್ಪ ಗೌಡರದು, ಹಳೆಯ ವಿಲಾಯತಿ ಮಾಲು. ಅಪ್ಪಿತಪ್ಪಿ ನಿಂತರೆ ಜೋಡೆತ್ತು ಕಟ್ಟಿ ಎಳೆಸಬೇಕು.

“ಎತ್ತಿನ ಕೆಲಸ ತಪ್ಪಸಾಕ ಬಂದದ್ದು ಎತ್ತಿನ ಬಾಲ ಹಿಡಕೊಂಡು ಹೊಂಟೈತಿ ನೋಡ್ರೋ!” ಎಂದು ಬದುವಿನ ಮೇಲಿನವರು ನಗುತ್ತಿದ್ದರು.

ಬೆಳಿಗ್ಗೆ ಸ್ಟಾರ್ಟರಿನ ಗುಂಡಿಯನ್ನು ಒತ್ತಿ ಹಿಡಿದು ಎಂಜಿನ್ನನ್ನು ಓಲೈಸಿ ಎಬ್ಬಿಸುವ ಉಪಾಯ ಉಳಿವೆಪ್ಪನೊಬ್ಬನ ಬೆರಳಿಗೇ ಗೊತ್ತಿತ್ತು. ದನ ಕಾಯುತ್ತಿದ್ದವನಿಗೆ ಆ ಸೀಟು ದಕ್ಕಿದ್ದೂ ಅದರಿಂದಲೇ.

ಎಪ್ಪತ್ತನಾಲ್ಕರಲ್ಲಿ ಆ ಟ್ರ್ಯಾಕ್ಟರ್ ಕುಡಿಯುವ ಸೀಮೆಎಣ್ಣೆ ತುಟ್ಟಿಯಾಯಿತು. “ನೀ ಉಣ್ಣೂಮುಂದ ಅದನ್ನ ಬಂದ್ ಮಾಡು. ಆಗಂಗಿಲ್ಲಂದ್ರ ಗುಜರಿಗೆ ಹಾಕ್ತೇನಿ, ನಿನಗೂ ಶರಣಪಾ ಶರಣು,” ಎಂದರು ಗೌಡರು. ಹನ್ನೆರಡು ವೋಲ್ಟಿಗೆ ಬದಲಿಸೋಣವೆಂದು ಅವರ ಬೆನ್ನುಬಿದ್ದು ಒಪ್ಪಿಸಿದವನು ಉಳಿವೆಪ್ಪನೇ.

ಬಂಕಾಪುರದ ಶಹಾಬುದ್ದೀನ ವಾಹನಗಳ ವೈರಿಂಗ್ ಕೆಲಸದವನು. ಟ್ರ್ಯಾಕ್ಟರನ್ನು ಅಲ್ಲಿಗೆ ಒಯ್ದಾಗ ಅವನು ಹೊಸ ಬ್ಯಾಟರಿಯ ಜೊತೆಗೆ ಲಾರಿಯಿಂದ ಕಳಚಿದ ಹನ್ನೆರಡು ವೋಲ್ಟಿನ ಡೈನಮೋ ಕೂರಿಸಿದ, ಕಿಡಿ ಹೊಡೆಸುವ ಕಾಯಿಲ್ ಸುಡದಂತೆ ಅದರ ತಂತಿಯ ನಡುವೆ ಕರೆಂಟು ತಗ್ಗಿಸುವ ರೆಸಿಸ್ಟೆನ್ಸ್ ಸೇರಿಸಿದ, ಬಲ್ಬುಗಳನ್ನೆಲ್ಲ ಬದಲಿಸಿದ. ಉಳಿವೆಪ್ಪ ಸುತ್ತ ತಿರುಗುತ್ತಲೇ ಇದ್ದ.

“ಅಣ್ಣಾ, ಒಂದೀಟು ಕುಂದರ್ರಿ. ನಿಮ್ಮ ನೆಳ್ಳಿನಾಗ ನನಗ ವೈರು ಕಾಣವಲ್ದು.”

“ಸ್ಟಾರ್ಟರ್ ಬದಲಿ ಮಾಡಂಗಿಲ್ಲೇನ್ರಿ ಸಾಬ್ರ?”

“ಅದು ತಾಳತೈತ್ರಿ. ಆದ್ರ ಚಾಲೂ ಆದಕೂಡ್ಲೆ ಬೆರಳು ತಗೀರಿ. ಮೊದಲಿನಂಗ ಒತ್ತಿ ಹಿಡಿದು ದೇವರನ್ನ ಕರಕೋಂತ ಕುಂದರಬ್ಯಾಡ್ರಿ.”

ಗುಂಡಿ ಮುಟ್ಟಿದ್ದೇ ತಡ, ಎಂಜಿನ್ ಎದ್ದಿತು. ಉಳಿವೆಪ್ಪ ನಿಲ್ಲಿಸಿದ, ಚಾಲೂ ಮಾಡಿದ, ಮತ್ತೆ ನಿಲ್ಲಿಸಿದ. “ಬ್ಯಾಟರಿ ಇಲ್ಲೇ ಖಾಲಿ ಮಾಡ್ತೀರೇನು?” ಎಂದು ಶಹಾಬುದ್ದೀನ ಗದರಿಸಬೇಕಾಯಿತು.

ಮರುದಿನ ಮಧ್ಯಾಹ್ನ ಹೊಲದಲ್ಲಿ ಕರೆವ್ವ ಬುತ್ತಿ ಬಿಚ್ಚಿದಳು. ಅವನ ಕೈ ಸ್ವಿಚ್ಚಿನವರೆಗೆ ಹೋಗಿ ಮರಳಿತು. ಬಂಕಾಪುರದಲ್ಲಿ ಪಕ್ಕದಲ್ಲಿ ಶಹಾಬುದ್ದೀನನಿದ್ದ, ಇಲ್ಲಿ ಅವನಿಲ್ಲ.

“ಹೆಂಡ್ತಿಗಿಂತ ಅದರ ಮ್ಯಾಲ ಅನುಮಾನ ಜಾಸ್ತಿ ನಿಮಗ,” ಎಂದಳು ಕರೆವ್ವ.

ಅಷ್ಟರಲ್ಲಿ ಗೌಡರು ಅಳಿಯ ಮಲ್ಲೇಶಪ್ಪನೊಡನೆ ಬಂದರು. “ಯಾಕಲೇ, ಬಂದ್ ಮಾಡಿಲ್ಲ?”

“ಚಾಲೂ ಆಗ್ಲಿಲ್ಲಂದ್ರ ಗೌಡ್ರ?”

“ಹನ್ನೆರಡು ವೋಲ್ಟು ಹಾಕ್ಸೂನು ಅಂತ ಜೀವ ತಿಂದಾವ ನೀನ ಅಲ್ಲೇನೋ!”

ಮಲ್ಲೇಶಪ್ಪ ಹತ್ತಿ ಕುಳಿತು ಎಂಜಿನ್ ನಿಲ್ಲಿಸಿದ. ಗುಂಡಿ ಒತ್ತಿದ, ಎಂಜಿನ್ ಎದ್ದಿತು.

“ಮಾವಾರ, ಇದು ಯಾರ ಒತ್ತಿದ್ರೂ ಚಾಲೂ ಆಗತೈತ್ರಿ,” ಎಂದ ಅಳಿಯ.

ಯಂತ್ರದ ದೌರ್ಬಲ್ಯ ತನ್ನ ಉದ್ಯೋಗದ ಆಧಾರವಾಗಿತ್ತೆಂಬುದು ಉಳಿವೆಪ್ಪನಿಗೆ ಆ ಕ್ಷಣ ಹೊಳೆದಿರಬೇಕು. ಅವನು ಗಾಲಿಯ ಮಣ್ಣನ್ನು ಬೆರಳಿನಿಂದ ಕೆರೆಯುತ್ತಿದ್ದ. ಆ ಹಂಗಾಮಿನ ಬಿತ್ತನೆ ಮುಗಿಯುವವರೆಗೆ ಗೌಡರು ಅವನನ್ನು ಇಟ್ಟುಕೊಂಡರು.

ಈಗ, ಎಂಬತ್ತೆರಡರಲ್ಲಿ, ಟ್ರ್ಯಾಕ್ಟರ್ ಆಡೂರಿನಲ್ಲೇ ದುಡಿಯುತ್ತಿದೆ, ಓಡಿಸುವವನು ಮಲ್ಲೇಶಪ್ಪ. ಉಳಿವೆಪ್ಪ ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಾನೆ.