ಹಿಂದಕ್ಕೆ ನೇಯುವ ಟೀಮು

ಮೊದಲನೆಯ ಪಂದ್ಯದಲ್ಲಿ ನಾವು ಆರು ಅಂಕಗಳಿಂದ ಸೋತೆವು. ಶಕ್ತಿ ಸಾಲದು ಎಂದು ಡ್ರಿಲ್ ಮೇಷ್ಟರು ಒಬ್ಬೊಬ್ಬರಿಗೂ ದಿನಕ್ಕೊಂದು ಪಾವು ಕಡಲೆಕಾಯಿ, ಒಂದಚ್ಚು ಬೆಲ್ಲ ಗೊತ್ತುಮಾಡಿದರು. ಎರಡನೆಯ ಪಂದ್ಯದಲ್ಲಿ ಹನ್ನೆರಡು ಅಂಕಗಳಿಂದ ಸೋತೆವು. ಬೆಲ್ಲದ ಜೊತೆಗೆ ತುಪ್ಪ ಸೇರಿತು. ಮೂರನೆಯದರಲ್ಲಿ ಇಪ್ಪತ್ತು.

ತುಪ್ಪವನ್ನು ಹಾಗೇ ಮುಂದುವರಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ನನಗೆ ಧೈರ್ಯವಿಲ್ಲ.

ವಾಚಕ ಮಹಾಶಯರು ಕ್ಷಮಿಸಬೇಕು. ಕೊಳ್ಳೇಗಾಲದಲ್ಲಿ ವಕೀಲರೊಬ್ಬರ ಗುಮಾಸ್ತೆಯಾಗಿರುವ ನಾನು, ಈ ವಯಸ್ಸಿನಲ್ಲಿ, ಬ್ಯಾಸ್ಕೆಟ್ ಬಾಲ್ ಆಟಗಾರನೂ ಹೌದು. ಆರಡಿ ಎತ್ತರವಿದ್ದೇನೆಂಬುದೊಂದೇ ನನ್ನ ಅರ್ಹತೆ. (ಇನ್ನು ಯಾವ ಉದ್ಯೋಗಕ್ಕೂ ಅದು ನೆರವಾಗಿಲ್ಲ. ಬಾಗಿಲುಗಳಿಗೆ ತಲೆ ತಗುಲುತ್ತದೆ, ಅಷ್ಟೆ.) ಉಳಿದ ನಾಲ್ವರೂ ನಮ್ಮೂರ ರೇಷ್ಮೆ ಸೀರೆಯ ನೇಕಾರರು. ಚೌಡಪ್ಪ ಕ್ಯಾಪ್ಟನ್. ಮಿಕ್ಕ ಮೂವರು ಅವನ ದಾಯಾದಿಗಳು.

ಆಟ ಬಹಳ ಸುಲಭ. ಎರಡು ತುದಿಗೆ ಎರಡು ಕಂಬ, ಕಂಬಕ್ಕೊಂದು ಬುಟ್ಟಿ. ಎದುರಾಳಿಯ ಬುಟ್ಟಿಗೆ ಚೆಂಡು ಹಾಕಿದರೆ ಎರಡಂಕ. ಬುಟ್ಟಿಗೆ ತಳವಿಲ್ಲ, ಹಾಕಿದ್ದು ನಿಲ್ಲುವುದಿಲ್ಲ. ಇದನ್ನು ಕಂಡುಹಿಡಿದ ಮಹಾನುಭಾವ ಯಾವ ಸರ್ಕಾರದ ನೌಕರನಾಗಿದ್ದನೋ ತಿಳಿಯದು.

ಆದರೆ ಡ್ರಿಲ್ ಮೇಷ್ಟರಾದ ಮುತ್ತುಸ್ವಾಮಿಯವರಿಗೆ ಇದು ಆಟವಾಗಿರಲಿಲ್ಲ. ಟೌನ್ ಟೀಮು ಈ ವರ್ಷ ಒಂದಾದರೂ ಪಂದ್ಯ ಗೆಲ್ಲದಿದ್ದರೆ ಅವರನ್ನು ಗೋಪಿನಾಥಂಗೆ ವರ್ಗ ಮಾಡುವುದಾಗಿ ನಮ್ಮ ಜಿಲ್ಲಾ ಕೇಂದ್ರವಾದ ಕೊಯಮತ್ತೂರಿನ ವಿದ್ಯಾ ಇಲಾಖೆಯಿಂದ ಕಾಗದ ಬಂದಿತ್ತು. ಹಿಂದೊಮ್ಮೆ ಎರಡು ವರ್ಷ ಅವರು ಅಲ್ಲಿದ್ದವರೇ. ನೆಟ್ಟ ವಾಲಿಬಾಲ್ ಕಂಬಗಳನ್ನು ಆನೆ ಕಿತ್ತುಕೊಂಡು ಹೋಗಿತ್ತು. "ಅಲ್ಲಿ ಆನೆ ಬರ್ತದೆ, ಬಸ್ಸು ಬರಲ್ಲ. ಬೇಕಾದ್ರೆ ನೀವು ಹೋಗಿ" ಎಂದು ಅವರ ಮನೆಯಾಕೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಮೇಷ್ಟರಿಗೆ ಅಡುಗೆ ಬಾರದು. ಒಂಟಿಯಾಗಿರುವುದೂ ಬಾರದು.

ಹೀಗಿರುವಾಗ ಹೋದ ಭಾನುವಾರದ ಪಂದ್ಯ ಬಂತು. ಎದುರಾಳಿ ಯಳಂದೂರು. ದೂರ ಹತ್ತು ಮೈಲಿಯಾದರೂ ನಾವು ಮದರಾಸು ರಾಜ್ಯದವರು, ಅವರು ಮೈಸೂರಿನವರು. ಅಂದರೆ ಎರಡು ರಾಜ್ಯಗಳ ಮಾನದ ಪ್ರಶ್ನೆ. ಅದನ್ನು ನೋಡಲು ಕೊಯಮತ್ತೂರಿನಿಂದ ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರೇ ಬಂದಿದ್ದರು. ನಮ್ಮ ಮೈದಾನದಲ್ಲಿ ಒಂದು ಕಂಬ ವಾಲಿದೆ. ಅತಿಥಿಗಳಿಗೆ ನೆಟ್ಟಗಿರುವುದನ್ನು ಬಿಟ್ಟುಕೊಟ್ಟು ಪಂದ್ಯ ಮುಗಿಯುವವರೆಗೂ ವಾಲಿದ ಬುಟ್ಟಿಗೇ ನಾವು ಚೆಂಡು ಹಾಕುವುದು ಇಲ್ಲಿಯ ಮರ್ಯಾದೆ. ಆ ವಾಲಿದ ಕಂಬದ ಹಿಂದೆ, ಹುಣಸೆ ಮರದ ನೆರಳಿನಲ್ಲಿ, ಸಾಹೇಬರಿಗೆ ಕುರ್ಚಿ ಹಾಕಿದ್ದಾಯಿತು.

ಸೀಟಿ ಕೂಗಿತು. ಚೆಂಡು ಚೌಡಪ್ಪನ ಕೈಗೆ ಬಂತು.

ನಮ್ಮವರ ಚುರುಕನ್ನು ಕಣ್ಣಾರೆ ಕಾಣಬೇಕು. ಎಡಕ್ಕಿಬ್ಬರು, ಬಲಕ್ಕಿಬ್ಬರು. ಚೆಂಡು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಸುಂಯ್ ಸುಂಯ್ ಎಂದು ಹಾರುತ್ತದೆ. ಕೆಳಗೆ ಬೀಳುವ ಮಾತೇ ಇಲ್ಲ. ಮಧ್ಯೆ ನುಗ್ಗಿದವನಿಗೆ ಗಾಳಿ ಮಾತ್ರ ಸಿಗುತ್ತದೆ. "ಎಫರ್ಟ್! ಎನರ್ಜಿ! ಸೀಕ್ರಂ!" ಎಂದು ಮೇಷ್ಟರು ಇಂಗ್ಲಿಷಿಗೆ ತಮಿಳು ಸೇರಿಸಿ ಅವಸರಪಡಿಸಿದಷ್ಟೂ ಚೆಂಡಿನ ವೇಗ ಹೆಚ್ಚುತ್ತದೆ. ಸಾಹೇಬರು ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಂಡು ಏನನ್ನೋ ಬರೆದುಕೊಂಡರು.

ಒಂದೇ ತೊಂದರೆ. ಇಪ್ಪತ್ತು ಸಲ ಚೆಂಡು ಅತ್ತಿತ್ತ ಹೋದ ಮೇಲೆ ನಾಲ್ವರೂ ಒಟ್ಟಿಗೆ, ಯಾರೂ ಹೇಳದೆ, ಸಾಹೇಬರ ಕಡೆಗೆ ಮುಖ ಮಾಡಿಕೊಂಡೇ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಮತ್ತೆ ಇಪ್ಪತ್ತು, ಮತ್ತೊಂದು ಹೆಜ್ಜೆ. ಹೀಗೆ ಮಹಾ ಶ್ರಮದಿಂದ ಬೆವರು ಸುರಿಸುತ್ತಾ ಚೆಂಡನ್ನು ತಾವು ಕಾಯಬೇಕಾದ ಬುಟ್ಟಿಯ ಬುಡಕ್ಕೇ ತಂದು ಮುಟ್ಟಿಸುತ್ತಾರೆ. ಅಲ್ಲಿ ಯಳಂದೂರಿನವರು ಬಸ್ಸಿಗೆ ಕಾಯುವವರಂತೆ ನಿಂತಿರುತ್ತಾರೆ. ಚೆಂಡು ಕಸಿಯುತ್ತಾರೆ, ಬುಟ್ಟಿಗೆ ಹಾಕುತ್ತಾರೆ. ಓಡುವ ಅಗತ್ಯವೇ ಅವರಿಗಿಲ್ಲ.

ನಾನು? ನಾನು ಆ ತುದಿಯಲ್ಲಿ, ವಾಲಿದ ಕಂಬದ ಕೆಳಗೆ, ಚೆಂಡು ಬಂದರೆ ಎಸೆಯಬೇಕೆಂಬ ಆಜ್ಞೆಯಂತೆ ನಿಂತಿದ್ದೆ. ಮೂರು ಪಂದ್ಯಗಳಿಂದ ಅಲ್ಲೇ ನಿಂತಿದ್ದೇನೆ. ಚೆಂಡಿನ ಬಣ್ಣವೇ ಮರೆತುಹೋಗಿತ್ತು.

ಅರ್ಧ ಆಟ ಮುಗಿದಾಗ ಯಳಂದೂರು ಹದಿನಾರು, ನಾವು ಸೊನ್ನೆ.

ಮೇಷ್ಟರು ನೆಲದ ಮೇಲೆ ಕುಳಿತುಬಿಟ್ಟರು. "ಚೌಡಪ್ಪ, ಯಾಕಪ್ಪಾ ಹಿಂದೆ ಹೋಗ್ತೀಯ? ನಾನೇನು ದ್ರೋಹ ಮಾಡಿದೆ?"

ಚೌಡಪ್ಪನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಒಂದು ಗೇಣು ನೇಯ್ದ ಮ್ಯಾಲೆ ಸುತ್ಕಬೇಕಲ್ವಾ ಸಾ? ಸುತ್ಕನ್ದೆ ಮುಂದ್ಕೆ ಎಂಗೆ ನೇಯದು?"

ಮಗ್ಗ ನೋಡದವರಿಗಾಗಿ ಹೇಳುತ್ತೇನೆ. ಲಾಳಿ ಎಡಕ್ಕೂ ಬಲಕ್ಕೂ ಓಡುತ್ತದೆ. ಒಂದು ಗೇಣು ಸೀರೆಯಾದ ಮೇಲೆ ನೇಕಾರ ಅದನ್ನು ತನ್ನ ಮಡಿಲ ಬಳಿಯ ದಿಂಡಿಗೆ ಸುತ್ತಿಕೊಳ್ಳುತ್ತಾನೆ. ನೇಯ್ದದ್ದು ಯಾವಾಗಲೂ ನೇಕಾರನ ಕಡೆಗೇ ಬರುತ್ತದೆ. ನಮ್ಮ ನಾಲ್ವರೂ ಮಾತು ಕಲಿಯುವ ಮೊದಲೇ ಇದನ್ನು ಕಲಿತವರು. ಕಡಲೆಕಾಯಿ, ಬೆಲ್ಲ, ತುಪ್ಪ ಮೂರೂ ಸೇರಿ ಮಾಡಿದ್ದೇನೆಂದರೆ ಸೀರೆ ಬೇಗ ಬೇಗ ಮುಗಿಯುವಂತೆ ಮಾಡಿದ್ದು.

ಮೇಷ್ಟರು ತಲೆಯ ಮೇಲೆ ಕೈಹೊತ್ತರು. ಆಗ ಬೇಲಿಯಾಚೆ ರಾಟೆ ಪಕ್ಕಕ್ಕಿಟ್ಟು ಆಟ ನೋಡುತ್ತಿದ್ದ ಚೌಡಪ್ಪನ ತಾಯಿ ಪುಟ್ಟಮ್ಮ ಬಾಯಿಬಿಟ್ಟಳು.

"ಐಕ್ಳ ಮ್ಯಾಲೆ ಯಾಕ್ ರೇಗೀರಿ ಮೇಷ್ಟ್ರೇ? ನೇಯ್ಗೆ ಸರಿಯಾಗೇ ಅದೆ. ಮಗ್ಗ ತಿರುಗ್ಮುರುಗಾ ಆಕಿದ್ದೀರಿ ಕಣ್ರಿ. ಲೇ ಚೌಡ, ಆ ಕಡೀಕೆ ಬೆನ್ ಆಕಂಡ್ ನಿಂತ್ಕಳ್ಲಾ."

ಮೇಷ್ಟರು ಜೇಬಿನಿಂದ ನಿಯಮಾವಳಿಯ ಪುಸ್ತಕ ತೆಗೆದು ಮೊದಲಿನಿಂದ ಕೊನೆಯವರೆಗೆ ತಿರುವಿಹಾಕಿದರು. ಆಟಗಾರನ ಬೆನ್ನು ಯಾವ ಕಡೆಗಿರಬೇಕೆಂಬ ವಿಷಯದಲ್ಲಿ ಅದು ಮೌನವಾಗಿತ್ತು.

ಉತ್ತರಾರ್ಧ ಶುರುವಾಯಿತು. ನಮ್ಮ ನಾಲ್ವರೂ ಗುರಿಗೆ ಬೆನ್ನು ಹಾಕಿ, ತಮ್ಮ ಬುಟ್ಟಿಯನ್ನೇ ನೋಡುತ್ತಾ ನಿಂತರು. ಎಡ, ಬಲ, ಎಡ, ಬಲ. ಇಪ್ಪತ್ತಾಯಿತು, ಒಂದು ಹೆಜ್ಜೆ ಹಿಂದೆ. ಅಂದರೆ ಮುಂದೆ. ಹೀಗೆ ಸೀರೆ ಸುತ್ತಿಕೊಳ್ಳುತ್ತಾ, ಸುತ್ತಿಕೊಳ್ಳುತ್ತಾ, ನಾಲ್ಕು ಬೆನ್ನುಗಳು ನನ್ನ ಕಡೆಗೆ ಗಂಭೀರವಾಗಿ ಬಂದವು. ಚೌಡಪ್ಪ ತಿರುಗಿಯೂ ನೋಡದೆ ಚೆಂಡನ್ನು ಭುಜದ ಮೇಲಿಂದ ಹಿಂದಕ್ಕೆ ಕೊಟ್ಟ. "ತಕಳಿ ಗುಮಾಸ್ತ್ರೇ, ಒಂದ್ ಸೀರೆ ಆಯ್ತು."

ನಾನು ಎಸೆದೆ. ಕಂಬ ವಾಲಿದ್ದರಿಂದ ಬುಟ್ಟಿ ಅರ್ಧ ದಾರಿಗೆ ಎದುರು ಬಂದಿತ್ತು. ಎರಡಂಕ.

ಯಳಂದೂರಿನ ಕ್ಯಾಪ್ಟನ್ ಮಾದೇವಪ್ಪ ಜಮೀನುದಾರ, ಚೌಡಪ್ಪನ ಗಿರಾಕಿ. ಮಗಳ ಮದುವೆ ಸೀರೆಗಳನ್ನೆಲ್ಲ ಇವನ ಮಗ್ಗದಿಂದಲೇ ಒಯ್ದವರು. ಅವರಿಗೆ ಆಟಕ್ಕಿಂತ ಬೆನ್ನೇ ಹೆಚ್ಚು ನೋವು ಕೊಟ್ಟಿತು.

"ಏನ್ಲಾ ಚೌಡ, ಊರಿಗೆ ಬಂದೋರ್ಗೆ ಬೆನ್ ತೋರ್ಸೀಯಾ?"

"ಮಗ್ಗದ್ ಮುಂದೆ ಕೂತಾಗ ಮಾತಾಡ್ಸಬ್ಯಾಡಿ ಬುದ್ಧಿ, ಎಳೆ ತಪ್ಪೋಯ್ತದೆ."

ಒಂದೊಂದೇ ಸೀರೆ ಮುಗಿಯಿತು. ಯಳಂದೂರಿನವರು ಈಗ ಓಡಬೇಕಾಯಿತು. ಓಡಿ ಅಭ್ಯಾಸವಿರಲಿಲ್ಲ, ಇಷ್ಟು ಹೊತ್ತು ನಾವೇ ಅವರಿಗೆ ಆ ಕಷ್ಟ ಕೊಟ್ಟಿರಲಿಲ್ಲ. ಕೊನೆಯ ಸೀಟಿಗೆ ನಾವು ಹದಿನೆಂಟು, ಅವರು ಹದಿನಾರು.

ಮುತ್ತುಸ್ವಾಮಿಯವರು ನನ್ನನ್ನು ಅಪ್ಪಿಕೊಂಡರು. ಅವರ ತಲೆ ನನ್ನ ಎದೆಯ ಗುಂಡಿಗೆ ಬರುತ್ತದೆ. ಶರಟು ಒದ್ದೆಯಾಯಿತು. ಬೆವರೋ ಕಣ್ಣೀರೋ ನಾನು ವಿಚಾರಿಸಲಿಲ್ಲ. ಸಾಹೇಬರು ಮಾತ್ರ ಪುಸ್ತಕ ಮಡಿಸಿಕೊಂಡು ಬಸ್ಸು ಹತ್ತಿದರು.

ಗುರುವಾರ ಇಂಗ್ಲಿಷಿನಲ್ಲಿ ಕಾಗದ ಬಂತು. ಮೇಷ್ಟರು ಒಡೆಯದೆಯೇ ನನ್ನ ಬಳಿಗೆ ತಂದರು. ಕೋರ್ಟಿನ ಇಂಗ್ಲಿಷಿಗೆ ಪಳಗಿದ ನಾನೇ ಮೂರು ಸಲ ಓದಬೇಕಾಯಿತು. ಸಾರಾಂಶ ಇಷ್ಟು: ಪೂರ್ವಾರ್ಧದಲ್ಲಿ ಟೀಮು ತೋರಿದ ಶ್ರಮ, ಉತ್ಸಾಹ ಶ್ಲಾಘನೀಯ. ಅಂಕ ಬಾರದ್ದು ದುರದೃಷ್ಟ. ಉತ್ತರಾರ್ಧದಲ್ಲಿ ಆಟಗಾರರು ಇಲಾಖೆಗೆ ಬೆನ್ನು ತೋರಿಸಿ ಹಿಮ್ಮೆಟ್ಟಿದ್ದು ಹುರುಪಿಲ್ಲದ್ದಕ್ಕೂ ಅಶಿಸ್ತಿಗೂ ಸಾಕ್ಷಿ. ಗೆಲುವು ಆಕಸ್ಮಿಕವಾದ್ದರಿಂದ ಲೆಕ್ಕಕ್ಕಿಲ್ಲ. ಬರುವ ಭಾನುವಾರ ಸಾಹೇಬರ ಸಮ್ಮುಖದಲ್ಲೇ ಹನೂರಿನ ವಿರುದ್ಧ ಪೂರ್ವಾರ್ಧದ ಶ್ರಮದಿಂದಲೇ ಗೆಲ್ಲತಕ್ಕದ್ದು. ತಪ್ಪಿದರೆ ಗೋಪಿನಾಥಂ.

ಮುಖ ತೋರಿಸಿದರೆ ಸೋಲುತ್ತೇವೆ. ಬೆನ್ನು ತೋರಿಸಿದರೆ ಗೆದ್ದದ್ದು ಗೆಲುವಲ್ಲ. ಮೇಷ್ಟರು ಏನು ಮಾಡಬೇಕು?

ನಾನು ಇಲಾಖೆಗೊಂದು ಮೆಮೋರಿಯಲ್, ಅಂದರೆ ಮನವಿ, ಬರೆಯೋಣವೆಂದೆ. ಪಾಪ, ಅವರು ಕಾಗದ ಮಡಿಸಿ ಜೇಬಿಗಿಟ್ಟರು. ಆಮೇಲೆ ಎದ್ದು ಮೈದಾನಕ್ಕೆ ಹೋದರು. ಸಾಹೇಬರ ಕುರ್ಚಿಯನ್ನು ತಾವೇ ಹೊತ್ತು, ಉರಿಬಿಸಿಲಿನಲ್ಲಿ ಮೈದಾನ ದಾಟಿ, ನೆಟ್ಟಗಿರುವ ಕಂಬದ ಹಿಂದೆ ಇಟ್ಟರು. ಅಲ್ಲಿ ನೆರಳಿಲ್ಲವೆಂದು ನಾಲ್ಕು ತೆಂಗಿನ ಗರಿ ಕಟ್ಟಿ ಚಪ್ಪರವನ್ನೂ ಹಾಕಿದರು. ಇನ್ನು ಬೆನ್ನು ಗುರಿಯ ಕಡೆಗಿದ್ದರೂ ಸಾಹೇಬರಿಗೆ ಪಂದ್ಯದುದ್ದಕ್ಕೂ ನಾಲ್ಕು ಬೆವರಿದ ಮುಖಗಳೇ ಕಾಣುತ್ತವೆ.

ನಿಮ್ಮ ಸಾಹೇಬರ ಕುರ್ಚಿ ಯಾವ ಕಂಬದ ಹಿಂದಿದೆ ಎಂದು ಎಂದಾದರೂ ನೋಡಿದ್ದೀರಾ?