ತಗಡು ಮುಚ್ಚಿದ ಬಾವಿ

ಕಡಲ ತಳದ ಹುಲ್ಲಿನ ಪಾಠಕ್ಕೆಂದು ನಾನು ಕಲಿಸುವ ತರಗತಿಯ ಹುಡುಗಿಯೊಬ್ಬಳು ಮೊನ್ನೆ ಕಾಲುವೆಯ ನೀರುಹುಲ್ಲನ್ನು ಬಾಟಲಿಯಲ್ಲಿ ತುಂಬಿ ಶಾಲೆಗೆ ತಂದಿದ್ದಳು. ಎರಡು ದಿನ ಚೀಲದ ಕತ್ತಲೆಯಲ್ಲಿದ್ದ ಬಾಟಲಿ ಅದು. ನಾನು ಮುಚ್ಚಳ ತೆಗೆದದ್ದೇ ತಡ, ಮಕ್ಕಳೆಲ್ಲ ಮೂಗು ಮುಚ್ಚಿಕೊಂಡರು. ನನಗೆ ಆ ಕೊಳೆತ ವಾಸನೆ ಗೊತ್ತಿತ್ತು. ಶಹಾಪುರದ ನಮ್ಮ ಹಳೆಯ ಮನೆಯ ಹಿತ್ತಲ ಬಾವಿಯ ವಾಸನೆ.

ಆ ಬಾವಿ ಅಪ್ಪನ ಅಕ್ಕ ನೀಲಮ್ಮನದು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅತ್ತೆಗೆ ಆ ಮನೆಯಲ್ಲಿ ತನ್ನದೆನ್ನಲು ಇದ್ದದ್ದು ಅದೊಂದೇ. ತಳದಲ್ಲಿ ಉದ್ದುದ್ದ ಹುಲ್ಲು ಬೆಳೆದಿತ್ತು. ಕುಡಿಯುವ ನೀರನ್ನು ಆಕೆ ನಸುಕಿನಲ್ಲಿ ಯಾರಿಗೂ ಸೇದಗೊಡುತ್ತಿರಲಿಲ್ಲ. ಬಿಸಿಲು ನೆತ್ತಿಗೇರಿ ತಳ ಮುಟ್ಟಬೇಕು, ಹುಲ್ಲಿನ ಎಲೆಗಳಿಂದ ಸಾಸಿವೆಯಂಥ ಗುಳ್ಳೆಗಳು ಸಾಲುಗಟ್ಟಿ ಏಳಬೇಕು, ಆಮೇಲೆಯೇ ಕೊಡ ಇಳಿಯಬೇಕು. "ತಡೀರಿ, ನೀರು ಈಗ ಏಳಾಕತ್ತದ, ಉಸುರು ಬಿಡ್ಲಿ," ಎನ್ನುತ್ತಿದ್ದಳು. ಆ ನೀರಿಗೆ ಎಳೆ ಸೌತೆಯ ಪರಿಮಳವಿತ್ತು.

ನಾನೋ, ನಾಲ್ಕು ಅಕ್ಷರ ಕಲಿತು ತಲೆ ತಿರುಗಿದ ಐದನೆಯ ತರಗತಿಯ ಜಾಣೆ. ಪಾಚಿ ಹೊಲಸು, ಬಾವಿ ಮುಚ್ಚಿಡಬೇಕು ಎಂದು ಪುಸ್ತಕ ಹಿಡಿದು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಎರಡೇ ದಿನದಲ್ಲಿ ಅಪ್ಪ ಬಾವಿಯ ಬಾಯಿಗೆ ತಗಡು ಹೊದಿಸಿದ.

"ತಮ್ಮಾ, ಬಿಸಲು ಬೀಳದಿದ್ರ ಒಳಗಿನ ಹುಲ್ಲು ಸಾಯ್ತದೋ," ಎಂದಳು ಅತ್ತೆ.

"ನಿನಗೇನು ತಿಳೀತದ ಅಕ್ಕಾ, ಬುಕ್ಕಿನಾಗ ಬರ್ದಾರ."

ನಾನು ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ. ತಿಂಗಳೊಳಗೆ ಹುಲ್ಲು ಕೊಳೆಯಿತು, ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು, ನೀರು ನಾರಿತು. ಅಷ್ಟಾದರೂ ತಗಡು ತೆಗೆಯುವ ಬುದ್ಧಿ ಯಾರಿಗೂ ಬರಲಿಲ್ಲ. ಮನೆಗೆ ನಲ್ಲಿ ಬಂತು. ಬಾವಿಗೆ ಮಣ್ಣು ತುಂಬಿಸುವುದೆಂದಾಯಿತು. ಬೆಳಕು ತಳ ಮುಟ್ಟಿದರೆ ಹುಲ್ಲು, ಹುಲ್ಲಿದ್ದರೆ ನೀರಿಗೆ ಪ್ರಾಣವಾಯು ಎಂದು, ಕಡಲನ್ನೇ ನೋಡದ ನಾನು ಈಗ ಸುರಪುರದ ಮಕ್ಕಳಿಗೆ ವರ್ಷ ವರ್ಷ ಕಲಿಸುತ್ತೇನೆ. ಅತ್ತೆಗೆ ಮಾತ್ರ ನೀನು ಹೇಳಿದ್ದೇ ಸರಿ ಎಂದು ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಈಗ ಹೇಳೋಣವೆಂದರೆ ಆಕೆಯಿಲ್ಲ.

ಮಣ್ಣಿನ ಗಾಡಿ ಬರುವ ಹಿಂದಿನ ದಿನ ಆಕೆ ನನ್ನ ಪಕ್ಕ ಬಂದು ಕುಳಿತಿದ್ದಳು. ಮಾತಿನಲ್ಲಿ ಕೊಂಕು ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು.

"ಆ ಬುಕ್ಕಿನಾಗ ಇನ್ನೊಮ್ಮಿ ನೋಡವ್ವ. ಸತ್ತ ನೀರು ಬದುಕ್ಸೋದು ಎಲ್ಲ್ಯಾದ್ರ ಬರ್ದಾರೇನು?"

ನಾನು ಕೊನೆಯ ಹಾಳೆಯವರೆಗೂ ತಿರುವಿದೆ. ಆಕೆ ಕಾಯುತ್ತ ಕುಳಿತಿದ್ದಳು.