ಒಲೆ ಹಚ್ಚದ ದಿನ ಬರುತ್ತಿದ್ದ ವಾಸನೆ

ಅದು ಯಾವಾಗಲೂ ಪಂದಿ ಕರಿಯ, ಕೊಡಗಿನ ಹಂದಿಸಾರಿನ, ವಾಸನೆಯಾಗಿಯೇ ಬರುತ್ತಿತ್ತು. ಹುರಿದ ಕರಿಮೆಣಸು, ಕಾಚಂಪುಳಿಯ ಕಪ್ಪು ಹುಳಿ, ಕೊನೆಗೊಂದಿಷ್ಟು ಸೀದ ಘಾಟು. ದೆಹಲಿಯ ಕಿದ್ವಾಯಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಅಪ್ಪ ಅದನ್ನು ಮಾಡುತ್ತಿದ್ದುದು ಭಾನುವಾರ ಮಾತ್ರ. ನನಗೆ ಮಾತ್ರ ಮಂಗಳವಾರ, ಆಫೀಸಿನಲ್ಲಿ ಟೈಪು ಮಾಡುತ್ತಿರುವಾಗ ಬಂದು ಮೂಗಿಗೆ ಬಡಿಯುತ್ತಿತ್ತು. ಆಗ ಫೈಲುಗಳ ಮೇಲಿನ ಬಿಸಿಲು, ಪರದೆಯ ಅಲುಗಾಟ, ಪಕ್ಕದವರ ಕೆಮ್ಮು ಎಲ್ಲವೂ ಹಿಂದೊಮ್ಮೆ ಹೀಗೆಯೇ ನಡೆದಿತ್ತು ಅನ್ನಿಸುತ್ತಿತ್ತು. ಮುಂದೇನೆಂಬುದು ನಾಲಿಗೆಯ ತುದಿಯಲ್ಲಿರುತ್ತಿತ್ತು, ಅಷ್ಟರಲ್ಲಿ ಕರಗುತ್ತಿತ್ತು. ನಿಜ ಹೇಳುತ್ತೇನೆ, ನನಗದು ಇಷ್ಟವಾಗಿತ್ತು. ಆ ಆಫೀಸಿನಲ್ಲಿ ಬೇರೆ ಸುಖವೇನಿತ್ತು ಹೇಳಿ.

ಅಪ್ಪ ಕೊಡಗಿನವರು, ಸೈನ್ಯದಿಂದ ನಿವೃತ್ತರು. ಅಮ್ಮ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದರು. ಅಮ್ಮ ಮೈಸೂರಿನವಳಾದ್ದರಿಂದ ಮನೆಯಲ್ಲಿ ನಮ್ಮದು ಕನ್ನಡ. ವಾರದ ನಡುವೆ ನಾನು ಮನೆಗೆ ಬಂದು ಇವತ್ತು ಪಂದಿಯೇ ಎಂದು ಕೇಳಿದರೆ, ನಿನಗೆ ಮೂರು ಹೊತ್ತೂ ತಿನ್ನುವುದೇ ಧ್ಯಾನ ಎಂದು ಛೇಡಿಸುತ್ತಿದ್ದರು. ಒಂದು ಸಂಜೆ ಅವರಿಗೆ ಚಹಾ ಕೊಡಲು ಹೋದವಳು ಹಾಗೇ ನಿಂತುಬಿಟ್ಟೆನಂತೆ. ಕರೆದರೂ ಓಗೊಡಲಿಲ್ಲವಂತೆ, ಚಹಾ ಅವರ ಪಾದದ ಮೇಲೆ ಸುರಿಯಿತಂತೆ. ಛೇಡಿಸುವುದು ಅಂದಿಗೆ ನಿಂತಿತು, ಆಸ್ಪತ್ರೆಯ ಓಡಾಟ ಶುರುವಾಯಿತು.

ಎಂ.ಆರ್.ಐ. ಕೋಣೆಯ ಹೊರಗೆ ನನ್ನ ಓಲೆ, ಗಡಿಯಾರ, ಹೇರ್‌ಪಿನ್ನುಗಳನ್ನು ಅಪ್ಪ ಕರವಸ್ತ್ರದಲ್ಲಿ ಗಂಟು ಕಟ್ಟಿ ಹಿಡಿದುಕೊಂಡರು. ಒಳಗೆ ನನ್ನ ಕಿವಿಗೆ ಹತ್ತಿ ತುರುಕಿ, ಮುಖದ ಮೇಲೆ ಪಂಜರವಿಟ್ಟು, ಹಿಲ್ನಾ ಮತ್, ಅಲುಗಾಡಬೇಡ ಎಂದು ಹೇಳಿ ಕೊಳವೆಯೊಳಕ್ಕೆ ತಳ್ಳಿದರು. ಮೂಗಿನ ಮೇಲೇ ಸೂರು. ಚಿಕ್ಕಂದಿನಲ್ಲಿ ದೆಹಲಿಗೆ ಬರುವಾಗ ಮಲಗುತ್ತಿದ್ದ ರೈಲಿನ ಮೇಲಿನ ಬರ್ತು ಹೀಗೇ ಇತ್ತು. ಟಕಟಕ, ಗುಡುಗುಡು ಶುರುವಾಯಿತು. ಆ ವರ್ಷಗಳಲ್ಲಿ ಮೆಟ್ರೋಗಾಗಿ ಊರೆಲ್ಲ ಅಗೆಯುತ್ತಿದ್ದರು. ನನ್ನ ತಲೆಯೊಳಗೂ ಒಂದು ಲೈನು ಹಾಕುತ್ತಿದ್ದಾರೇನೋ ಅನ್ನಿಸಿ ನಗು ಬಂತು. ನಗುವಂತಿಲ್ಲವಲ್ಲ, ಕಣ್ಣು ಮುಚ್ಚಿದೆ. ರೈಲು ಹೋಗುತ್ತಲೇ ಇತ್ತು. ಕೆಳಗಿನ ಬರ್ತಿನಲ್ಲಿ ಅಪ್ಪ ಅಮ್ಮ ಮೆಲ್ಲಗೆ ಏನೋ ಮಾತಾಡುತ್ತಿದ್ದರು, ಅಮ್ಮನ ಬಳೆಯ ಸದ್ದೂ ಕೇಳಿತು. ವಾಸನೆ ಈಗ ಬರಲಿ, ಯಂತ್ರ ಹಿಡಿದುಕೊಳ್ಳಲಿ ಎಂದು ಕಾದೆ. ಬೇಕಾದಾಗ ಬರಲಿಲ್ಲ ನೋಡಿ.

ಡಾಕ್ಟರು ಫಿಲ್ಮನ್ನು ದೀಪದ ಹಲಗೆಗೆ ಸಿಕ್ಕಿಸಿದರು. ಮಿದುಳಿನ ಎಡಬದಿಯಲ್ಲಿ ಪುಟ್ಟದೊಂದು ಬಿಳಿ ಉಂಗುರ, ಅದರೊಳಗೆ ಸಾಸಿವೆಯಷ್ಟು ಚುಕ್ಕೆ. ಗೆಡ್ಡೆಯಲ್ಲ ಎಂದರು. ಲಾಡಿಹುಳದ ಮರಿ ಹೋಗಿ ಕೂತಿದೆ, ಅದರಿಂದಲೇ ಫಿಟ್ಸು, ಆ ವಾಸನೆಯೂ ಒಂದು ಬಗೆಯ ಫಿಟ್ಸೇ, ಮಾತ್ರೆಗೆ ಹೋಗುತ್ತದೆ ಎಂದರು. ಗೆಡ್ಡೆಯಲ್ಲವಲ್ಲ ಎಂದು ನನಗೆ ನಿರಾಳವಾಯಿತು. ಅಪ್ಪನ ಮುಖ ನೋಡಿದರೆ ಬಿಳಚಿಕೊಂಡಿತ್ತು. ಅವರು ಏನೂ ಕೇಳಲಿಲ್ಲ.

ಮನೆಗೆ ಬಂದು ಕಾಚಂಪುಳಿಯ ಬಾಟಲಿಗೆ ಪೇಪರು ಸುತ್ತಿ ಅಟ್ಟದ ಮೇಲಿಟ್ಟರು.

"ನನ್ನ ಕೈಯಾರೆ ನಿನ್ನ ತಲೆಗೆ ಹುಳ ಹಾಕಿದೆ ಮಗಳೇ," ಎಂದರು.

ಅಲ್ಲ ಅಪ್ಪಾ ಎಂದು ಎಷ್ಟು ಹೇಳಿದರೂ ಅವರ ಕಿವಿಗೆ ಬೀಳಲಿಲ್ಲ. ಹೇಳುವಾಗ ನನಗೂ ಪೂರ್ತಿ ನಂಬಿಕೆಯಿರಲಿಲ್ಲ, ಅದೇ ನನ್ನ ತಪ್ಪು. ಹಂದಿಯಿಂದಲೇ ಲಾಡಿಹುಳ ಎಂದು ಶಾಲೆಯಲ್ಲಿ ಓದಿದ್ದೆವು. ಮೇಲಾಗಿ ತಲೆಯಲ್ಲಿ ಏಳುತ್ತಿದ್ದ ವಾಸನೆಯೂ ಅದರದ್ದೇ. ಮುಂದಿನ ಒಂದು ವರ್ಷ ಭಾನುವಾರವೂ ಸೋರೆಕಾಯಿ. ಅಪ್ಪ ಅಡುಗೆಮನೆಗೆ ಬರುವುದನ್ನೇ ಬಿಟ್ಟರು. ಮಾತ್ರೆಯಿಂದ ನನ್ನ ವಾಸನೆಯೂ ನಿಂತುಹೋಯಿತು.

ಎರಡನೆಯ ಸ್ಕ್ಯಾನಿನಲ್ಲಿ ಉಂಗುರ ಮಾಯವಾಗಿತ್ತು, ಚುಕ್ಕೆಯೊಂದೇ ಉಳಿದಿತ್ತು. ಆಗ ಅಪ್ಪ ಅಟೆನ್ಶನ್ನಿನಲ್ಲಿ ನಿಂತು, ತಮ್ಮ ಪಲ್ಟನ್ನಿನ ಹಿಂದಿಯಲ್ಲಿ, ನಾನು ತಿನ್ನಿಸಿದ ಹಂದಿಯಿಂದಲೇ ಬಂತೇ ಎಂದು ಕೊನೆಗೂ ಕೇಳಿಯೇಬಿಟ್ಟರು. ಡಾಕ್ಟರು ಅಲ್ಲವೆಂದು ತಲೆಯಾಡಿಸಿದರು. ಚೆನ್ನಾಗಿ ಬೆಂದ ಹಂದಿಮಾಂಸದಿಂದ ಇದು ಬರುವುದಿಲ್ಲ, ಮಾಂಸ ಮುಟ್ಟದವರಿಗೂ ಬರುತ್ತದೆ, ಕೊಳಕು ನೀರಿನಲ್ಲಿ ತೊಳೆದ ಹಸಿ ತರಕಾರಿಯ ಮೇಲೆ ಅದರ ಮೊಟ್ಟೆ ಇರುತ್ತದೆ ಎಂದರು. ಹಸಿಯಾಗಿ ಏನು ತಿನ್ನುತ್ತೀ ಎಂದು ನನ್ನನ್ನು ಕೇಳಿದರು. ನಾನು ನೆಲ ನೋಡುತ್ತಾ ಮೂಲಂಗಿ ಎಂದೆ. ಪ್ರತಿ ಚಳಿಗಾಲವೂ ಬಸ್‌ಸ್ಟಾಪಿನ ಗಾಡಿಯಲ್ಲಿ ಮೂಲಂಗಿ ತಿನ್ನುತ್ತಿದ್ದೆ. ಭಯ್ಯಾ ಅದನ್ನು ಬಕೆಟ್ಟಿನಲ್ಲಿ ಅದ್ದಿ, ಸೀಳಿ, ಕಪ್ಪುಪ್ಪು ನಿಂಬೆ ಹಚ್ಚಿ ಕೊಡುತ್ತಿದ್ದ. ಅಲ್ಲಿಂದಲೂ ಬಂದಿರಬಹುದು ಎಂದರು ಡಾಕ್ಟರು. ಆಟೋ ಮನೆಯ ಹತ್ತಿರ ಬಂದಾಗ ಅಪ್ಪ, ಮೂಲಂಗಿಯಂತೆ, ಎಂದು ಹೊರಗೆ ನೋಡಿದರು. ಕಣ್ಣು ಒದ್ದೆಯಾಗಿತ್ತು.

ಭಾನುವಾರ ಬೆಳಿಗ್ಗೆ ಬಿಸಿಲಿಗೆ ಕೂತು ಹಾಗೇ ತೂಕಡಿಸಿದ್ದೆ. ವಾಸನೆ ಬಂತು. ಮೆಣಸು, ಹುಳಿ, ಸೀದ ಘಾಟು. ಮತ್ತೆ ಫಿಟ್ಸೇ ಎಂದು ಕುರ್ಚಿಯ ಕೈ ಬಿಗಿಯಾಗಿ ಹಿಡಿದೆ.

"ಅಪ್ಪಾ, ವಾಸನೆ ಬರ್ತಾ ಇದೆ."

ಅಪ್ಪ ಸೌಟು ಹಿಡಿದು ಬಾಗಿಲಿಗೆ ಬಂದರು.

"ಬರ್ಬೇಕು. ಒಲೆ ಮೇಲಿದೆ."

ಎರಡು ತಟ್ಟೆ ತಂದು ನನ್ನೆದುರು ಕೂತರು. ನಾನು ಮೊದಲ ತುತ್ತು ನುಂಗುವವರೆಗೂ ಅವರು ತಮ್ಮದನ್ನು ಮುಟ್ಟಲಿಲ್ಲ.